ನೋಡದೆ ಮದುವೆಯಾಗಲಾರೆ: ಅಜರ್‌ಬೈಜಾನಿ ಸಿನಿಮಾದ ಪ್ರೀತಿ ಮತ್ತು ‘ನಾಲ್ಕು ಜನ’

ಅರ್ಶಿನ್ ಎಂಬುದು ಬಟ್ಟೆಯ ಹಳೆಯ ಅಳತೆ. ಒಂದು ಅರ್ಶಿನ್ ಅಂದರೆ ಸುಮಾರು 71 ಸೆಂಟಿಮೀಟರ್, ನಮ್ಮ ಲೆಕ್ಕದಲ್ಲಿ ಒಂದೂವರೆ ಮೊಳದಷ್ಟು. ಮಾಲ್ ಅಂದರೆ ನಾವೂ ದಿನಾ ಆಡುವ ಅದೇ ಮಾಲು. ಅಲಾನ್ ಅಂದರೆ ಕೊಳ್ಳುವವರು. ಹಿಂದೆ ಅಜರ್‌ಬೈಜಾನಿನಲ್ಲಿ ‘ಅರ್ಶಿನ್ ಮಾಲ್ ಅಲಾನ್’ ಎಂದು ಕೂಗುತ್ತಾ, ಬಟ್ಟೆಯ ಗಂಟು ಹೊತ್ತು ಬರುವ ಬೀದಿ ವ್ಯಾಪಾರಿಗೆ ಒಂದು ವಿಶೇಷ ಸವಲತ್ತಿತ್ತು. ಪರಗಂಡಸರು ಕಾಲಿಡಲಾಗದ ಒಳಅಂಗಳಕ್ಕೆ ಅವನು ಸಲೀಸಾಗಿ ಹೋಗಬಹುದಿತ್ತು. ಹೆಂಗಸರು ಮುಸುಕಿನ ಗೊಡವೆಯಿಲ್ಲದೆ ಹೊರಬಂದು ಬಟ್ಟೆ ಮುಟ್ಟಿ, ಬೆಳಕಿಗೆ ಹಿಡಿದು, ಚೌಕಾಸಿ ಮಾಡಬಹುದಿತ್ತು. ಅವನನ್ನು ಗಂಡಸೆಂದು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ ಎನ್ನಿ.

ಈ ಒಂದು ಸಂದಿಯನ್ನು ಹಿಡಿದು ಸಂಗೀತ ಸಂಯೋಜಕ ಉಜೇಯಿರ್ ಹಾಜಿಬೇಯೋವ್ ಕಟ್ಟಿದ ಸಂಗೀತ ನಾಟಕ ‘ಅರ್ಶಿನ್ ಮಾಲ್ ಅಲಾನ್’ 1913ರಲ್ಲಿ ಇಂದಿನ ರಾಜಧಾನಿ ಬಾಕುವಿನ ರಂಗಕ್ಕೆ ಬಂತು. ಕತೆ ಬೆಟ್ಟದೂರು ಶುಶಾದ್ದು. ಶ್ರೀಮಂತ ವ್ಯಾಪಾರಿ ಅಸ್ಗರ್‌ಗೆ ಮದುವೆಯಾಗಬೇಕು. ಆದರೆ ಹುಡುಗಿಯನ್ನು ಕಣ್ಣಾರೆ ನೋಡದೆ ಒಲ್ಲೆ ಅನ್ನುತ್ತಾನೆ. ನೋಡುವುದಕ್ಕೆ ಸಂಪ್ರದಾಯದಲ್ಲಿ ದಾರಿಯಿಲ್ಲ. ಗೆಳೆಯ ಸುಲೇಮಾನ್ ಉಪಾಯ ಹೇಳಿಕೊಡುತ್ತಾನೆ: ಬಟ್ಟೆಯ ಗಂಟು ಹೊತ್ತುಕೋ, ಮನೆಮನೆ ತಿರುಗು. ತಿರುಗಿದವನಿಗೆ ಸುಲ್ತಾನ್ ಬೇ ಎಂಬವನ ಅಂಗಳದಲ್ಲಿ ಗುಲ್‌ಚೊಹ್ರಾ ಕಾಣುತ್ತಾಳೆ.

ಅಜರ್‌ಬೈಜಾನಿ ಸಿನಿಮಾದ ಪ್ರೇಮಕತೆಗಳಿಗೆಲ್ಲ ಮೂಲ ಈ ಅಂಗಳ. ಅಲ್ಲಿಂದ ಮುಂದಿನ ನೂರು ವರ್ಷದ ಚಿತ್ರಗಳನ್ನು ನೋಡುವಾಗ ಒಂದು ಪ್ರಶ್ನೆ ಜೊತೆಯಲ್ಲಿಟ್ಟುಕೊಂಡರೆ ಎಷ್ಟೋ ಗಂಟು ಬಿಚ್ಚಿಕೊಳ್ಳುತ್ತದೆ: ಈ ದೃಶ್ಯದಲ್ಲಿ ಇವರಿಬ್ಬರನ್ನು ನೋಡುತ್ತಿರುವವರು ಯಾರು? ಪ್ರೇಮಿಗಳಿಗಿಂತ ಸುತ್ತಲಿನ ಕಣ್ಣುಗಳಿಗೇ ಅಲ್ಲಿ ತೂಕ ಹೆಚ್ಚು. ಅಲ್ಲಿನವರ ಬಾಯಲ್ಲಿ ಇದಕ್ಕೊಂದು ಸಿದ್ಧ ಮಾತೇ ಇದೆ, ‘ಎಲ್ ನೆ ದೆಯೆರ್’. ಕನ್ನಡಕ್ಕೆ ತರಲು ಕಷ್ಟಪಡಬೇಕಿಲ್ಲ. ನಾಲ್ಕು ಜನ ಏನಂತಾರೆ?

ಈ ಕಣ್ಣಿನ ಭಯ ಪರದೆಯ ಹಿಂದೆಯೂ ಇತ್ತು. 1913ರ ಪ್ರದರ್ಶನದಲ್ಲಿ ಗುಲ್‌ಚೊಹ್ರಾ ಆದವರು ಅಹ್ಮದ್ ಅಗ್ದಾಮ್ಸ್ಕಿ ಎಂಬ ಗಂಡಸು. 1917ರ ಮೂಕಿ ಚಿತ್ರದಲ್ಲೂ ಅವರೇ. ಗಂಡಸರೇ ಸ್ತ್ರೀಪಾತ್ರ ಕಟ್ಟಿ ಹೆಂಗಸರೇ ಬೆರಗಾಗುವಂತೆ ಮಾಡಿದ ಕಂಪನಿ ನಾಟಕಗಳ ನೆನಪಿರುವ ನಮ್ಮವರಿಗೆ ಇದು ವಿಚಿತ್ರವೆನಿಸದು. ಆದರೆ ಬಾಕುವಿನಲ್ಲಿ ಇದಕ್ಕೆ ಹಿಂದಿನ ವರ್ಷವೇ, 1912ರಲ್ಲಿ, ಶೋವ್ಕತ್ ಮಮ್ಮದೋವಾ ಎಂಬ ಗಾಯಕಿ ಮುಸುಕಿಲ್ಲದೆ ವೇದಿಕೆಯಲ್ಲಿ ಹಾಡಿದ್ದಕ್ಕೆ ಸಭೆ ರೊಚ್ಚಿಗೆದ್ದು, ಆಕೆ ರಂಗಮಂದಿರದಿಂದ ತಪ್ಪಿಸಿಕೊಂಡು ಹೋಗಬೇಕಾಗಿ ಬಂದಿತ್ತು. ಹುಡುಗಿಯ ಮುಖ ನೋಡಬೇಕೆಂಬ ಹಂಬಲವೇ ಕತೆಯಾಗಿರುವ ನಾಟಕದಲ್ಲಿ ನೋಡಲು ಹುಡುಗಿಯ ಮುಖವೇ ಇರಲಿಲ್ಲ.

ಇವತ್ತು ಎಲ್ಲರೂ ನೋಡುವುದು 1945ರ ಚಿತ್ರವನ್ನು. ನಿರ್ದೇಶಕರು ರಜಾ ತಹ್ಮಾಸಿಬ್ ಮತ್ತು ನಿಕೊಲಾಯ್ ಲೆಶ್ಚೆಂಕೊ. ಅಸ್ಗರ್ ಆಗಿ ರಶೀದ್ ಬೆಹ್ಬುದೋವ್, ಗುಲ್‌ಚೊಹ್ರಾ ಆಗಿ ಲೇಲಾ ಬದಿರ್‌ಬೇಲಿ. 1946ರಲ್ಲಿ ಸ್ಟಾಲಿನ್ ಪ್ರಶಸ್ತಿಯೂ ಬಂತು. ಯುದ್ಧದಿಂದ ಬಸವಳಿದ ಜನಕ್ಕೆ ನಾಲ್ಕು ಜೋಡಿಗಳ ಮದುವೆಯೂಟ ಬಡಿಸಿದ ಚಿತ್ರ ಅದು: ಅಸ್ಗರ್‌ಗೆ ಗುಲ್‌ಚೊಹ್ರಾ, ಸುಲೇಮಾನ್‌ಗೆ ಅವಳ ಸಂಬಂಧಿ ಆಸ್ಯಾ, ಆಳು ವೆಲಿಗೆ ಕೆಲಸದ ಹುಡುಗಿ ತೆಲ್ಲಿ, ಕೊನೆಗೆ ವಿಧುರ ಸುಲ್ತಾನ್ ಬೇಗೂ ಅಸ್ಗರ್‌ನ ಚಿಕ್ಕಮ್ಮ ಜಹಾನ್ ಖಾಲಾ. ಮದುವೆಗೆ ಬೇಕಾದದ್ದಿಷ್ಟೇ ಎನ್ನುವ ಸಾಲು ಅಲ್ಲಿ ಗಾದೆಯೇ ಆಗಿಹೋಗಿದೆ: ಒಬ್ಬ ಮುಲ್ಲಾ, ಮೂರು ಮನಾತ್ ದುಡ್ಡು, ಒಂದು ಸಕ್ಕರೆಯ ಗಟ್ಟಿ.

ನಗುತ್ತಾ ನೋಡಿ ಮುಗಿಸಿದ ಮೇಲೆ ಲೆಕ್ಕ ಹಾಕಿ. ಮುರಿದದ್ದು ಯಾವ ಕಟ್ಟು? ಗಂಡು ಹೆಣ್ಣನ್ನು ನೋಡಬಾರದೆಂಬುದು, ಅದೊಂದೇ. ಬಟ್ಟೆ ಮಾರುವವನಿಗೆ ಮಗಳನ್ನು ಕೊಡಲು ಸುಲ್ತಾನ್ ಬೇ ಒಪ್ಪುವುದಿಲ್ಲ. ಅದೇ ಹುಡುಗ ಶ್ರೀಮಂತ ವ್ಯಾಪಾರಿಯ ಹೆಸರಲ್ಲಿ ಕೇಳಿ ಕಳಿಸಿದಾಗ ಮಗಳನ್ನು ಒಂದು ಮಾತೂ ಕೇಳದೆ ಕೊಟ್ಟುಬಿಡುತ್ತಾನೆ. ಯಾವನೋ ಹಣವಂತನ ಪಾಲಾದೆ ಎಂದು ಅವಳು ಸಂಕಟಪಡುತ್ತಿರುವಾಗ ಸತ್ಯ ಗೊತ್ತಿರುವವರೆಲ್ಲ ತಮಾಷೆ ನೋಡುತ್ತಾರೆ, ನಾಯಕನೂ ಸೇರಿ. ಅಸ್ಗರ್ ನೋಡಿ ಮೆಚ್ಚಿ ಮದುವೆಯಾದ. ಅವಳು ನೋಡಿ ಮೆಚ್ಚಿದ್ದು ಬೇರೆ ಯಾರನ್ನೋ. ಪ್ರೇಕ್ಷಕರ ಪುಣ್ಯಕ್ಕೆ ಇಬ್ಬರೂ ಒಬ್ಬನೇ ಆಗಿದ್ದ. ವರ್ಗದ ಗೋಡೆಯನ್ನು ತಟ್ಟಿ ಸದ್ದು ಮಾಡಿ, ಬಾಗಿಲಿನಿಂದಲೇ ಒಳಹೋದ ಕತೆ ಇದು. ಹಾಡುಗಳು ಅಷ್ಟು ಚೆನ್ನಾಗಿಲ್ಲದಿದ್ದರೆ ಈ ಜಾಣತನ ಇನ್ನೂ ಬೇಗ ಕಣ್ಣಿಗೆ ಬೀಳುತ್ತಿತ್ತು.

ಹಾಜಿಬೇಯೋವ್ ಅವರದೇ ಇನ್ನೊಂದು ನಾಟಕದಿಂದ 1956ರಲ್ಲಿ ಹುಸೇನ್ ಸೆಯಿದ್‌ಜಾದೆ ತೆಗೆದ ‘ಒ ಒಲ್ಮಾಸಿನ್, ಬು ಒಲ್ಸುನ್’ ಹೆಚ್ಚು ಖಾರವಾಗಿದೆ. ಹೆಸರಿನ ಅರ್ಥ ‘ಅದಲ್ಲದಿದ್ದರೆ ಇದಾಗಲಿ’. ಸಾಲದಲ್ಲಿ ಮುಳುಗಿದ ರುಸ್ತಮ್ ಬೇ ತನ್ನ ಮಗಳು ಗುಲ್ನಾಜ್‌ಳನ್ನು ಮುದಿ ವ್ಯಾಪಾರಿ ಮಶದಿ ಇಬಾದ್‌ಗೆ ಕೊಡಲು ಹೊರಡುತ್ತಾನೆ. ಅವಳ ಮನಸ್ಸು ವಿದ್ಯಾರ್ಥಿ ಸರ್ವರ್ ಮೇಲೆ. ‘ಎಷ್ಟೇ ಮುದುಕನಾದರೂ ಸಾವಿರ ಹರೆಯದವರಿಗೆ ಸಮ ನಾನು’ ಎಂದು ಹಾಡುವ ಇಬಾದ್ ಪಾತ್ರದಲ್ಲಿ ಅಲಿಆಗಾ ಅಗಾಯೇವ್ ಎಷ್ಟು ಜೀವ ತುಂಬಿದ್ದಾರೆಂದರೆ, ಅವನ ಮೇಲೆ ಸಿಟ್ಟು ಬರುವ ಬದಲು ಕನಿಕರವೇ ಬಂದುಬಿಡುತ್ತದೆ. ಗುಲ್ನಾಜ್ ಪಾರಾಗುತ್ತಾಳೆ. ಇಬಾದ್‌ಗೆ ಮನೆಗೆಲಸದ ಸನಮ್‌ಳನ್ನು ಕಟ್ಟುತ್ತಾರೆ. ಶೀರ್ಷಿಕೆಯ ನಗೆಯೆಲ್ಲ ಈ ‘ಇದಾಗಲಿ’ಯಲ್ಲಿದೆ, ಆ ‘ಇದು’ ಸನಮ್. ಅವಳಿಗೆ ಈ ಮುದುಕ ಇಷ್ಟವೋ ಇಲ್ಲವೋ ಕೇಳುವ ವ್ಯವಧಾನ ಚಿತ್ರಕ್ಕಿಲ್ಲ. ವಿಡಂಬನೆಯ ಚಾಟಿಗೂ ಒಂದು ಮಿತಿಯಿರುತ್ತದೆ. ಇಲ್ಲಿ ಅದು ಆಳುಮಕ್ಕಳ ಕೋಣೆಯ ಹೊಸ್ತಿಲವರೆಗೆ ಹೋಗಿ ನಿಂತಿತು.

ಈ ನಾಟಕಗಳಿಗೂ ಅವುಗಳಿಂದ ಬಂದ ಈ ಚಿತ್ರಗಳಿಗೂ ನಡುವೆ ಸೋವಿಯತ್ ಸರ್ಕಾರ ಬಂದು, ಮುಖ ತೋರಿಸುವುದನ್ನೇ ಕಾರ್ಯಕ್ರಮವನ್ನಾಗಿ ಮಾಡಿತು. ಜಾಫರ್ ಜಬ್ಬಾರ್ಲಿ ಅವರ ‘ಸೆವಿಲ್’ ನಾಟಕ 1928ರದು, ಅಮೊ ಬೆಕ್-ನಜಾರೋವ್ ಚಿತ್ರ 1929ರದು. ಸೆವಿಲ್‌ಳ ಗಂಡ ಬಾಲಾಶ್‌ಗೆ ಮುಸುಕು ಹಾಕಿದ, ಓದುಬರಹ ಬಾರದ ಹೆಂಡತಿಯನ್ನು ಕಂಡರೆ ನಾಚಿಕೆ. ಫ್ಯಾಷನ್ನಿನ ಇನ್ನೊಬ್ಬಳ ಹಿಂದೆ ಬೀಳುತ್ತಾನೆ. ಮನೆಯಿಂದ ಹೊರಬಿದ್ದ ಸೆವಿಲ್ ಚಾದರ ಕಿತ್ತೆಸೆಯುತ್ತಾಳೆ, ಮುಂದೆ ಓದಿ ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ನಾಟಕ ನೋಡಲು ಬಂದ ಹೆಂಗಸರು ಅಲ್ಲೇ ಮುಸುಕು ತೆಗೆದರೆಂಬ ಮಾತು ಬಾಕುವಿನಲ್ಲಿ ಇಂದಿಗೂ ಓಡಾಡುತ್ತದೆ. ಚಾದರ ಎತ್ತಿ ಎಸೆಯುತ್ತಿರುವ ಹೆಣ್ಣಿನ ಪ್ರತಿಮೆ, ಫುವಾದ್ ಅಬ್ದುರಹಮಾನೋವ್ ಕಡೆದದ್ದು, 1960ರಿಂದ ಊರ ನಡುವೆ ನಿಂತಿದೆ.

ಸೆವಿಲ್ ಪಾತ್ರ ಮಾಡಿದ ಇಜ್ಜೆತ್ ಒರುಜೋವಾ ಆಗಿನ್ನೂ ಓದುತ್ತಿದ್ದ ಹುಡುಗಿ. ಅಜರ್‌ಬೈಜಾನಿ ಹೆಣ್ಣೊಬ್ಬಳು ಕ್ಯಾಮೆರಾ ಮುಂದೆ ನಿಲ್ಲಲು ಒಪ್ಪಿದ್ದೇ ದೊಡ್ಡ ಸುದ್ದಿಯಾಗಿದ್ದ ಕಾಲ. ಆಕೆ 1936ರಲ್ಲಿ ‘ಅಲ್ಮಾಜ್’ ಚಿತ್ರದಲ್ಲಿ ನಟಿಸಿ, ಆಮೇಲೆ ಸಿನಿಮಾದ ಸಹವಾಸ ಬಿಟ್ಟು ರಸಾಯನ ವಿಜ್ಞಾನಿಯಾಗಿ, ವಿಜ್ಞಾನ ಅಕಾಡೆಮಿಯ ಸದಸ್ಯೆಯೂ ಆದರು. ಸಿನಿಮಾ ಹೇಳಿದ ಕತೆಯನ್ನು ನಟಿ ಸಿನಿಮಾಕ್ಕಿಂತ ಚೆನ್ನಾಗಿ ಬದುಕಿ ತೋರಿಸಿದ ಅಪರೂಪದ ಉದಾಹರಣೆ.

‘ಸೆವಿಲ್’ನಲ್ಲಿ ಒಂದು ಕೊರತೆ ಮಾತ್ರ ಕಾಡುತ್ತದೆ. ಮುಸುಕು ತೆಗೆದವಳಿಗೆ ವಿದ್ಯೆ ಸಿಕ್ಕಿತು, ಕೆಲಸ ಸಿಕ್ಕಿತು, ಪ್ರೀತಿ ಸಿಗಲಿಲ್ಲ. ಬಿಡುಗಡೆಯಾದ ಹೆಣ್ಣು ಗೌರವಕ್ಕೆ ಪಾತ್ರಳು, ಬಯಕೆಗೆ ಅಲ್ಲ ಎಂಬ ಒಳಕಟ್ಟು ಆಗಲೇ ಹಾಕಿಯಾಗಿತ್ತು. ಅದನ್ನು ಬಿಚ್ಚಲು ಇನ್ನೂ ನಾಲ್ಕು ದಶಕ ಬೇಕಾಯಿತು.

ಮುಂದಿನ ಮಾತಿಗೆ ಮುಂಚೆ, ಈ ಚಿತ್ರಗಳನ್ನು ನೋಡುವ ಬಗೆಯ ಬಗ್ಗೆ ಒಂದೆರಡು ಮಾತು. ಹಳೆಯ ಚಿತ್ರಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ, ಹಲವಕ್ಕೆ ರಷ್ಯನ್ ಮತ್ತು ಅಜರ್‌ಬೈಜಾನಿ ಎರಡು ಧ್ವನಿಗಳಿರುತ್ತವೆ. ಸಬ್‌ಟೈಟಲ್ ಓದಿಕೊಂಡೇ ನೋಡುವವರೂ ಅಜರ್‌ಬೈಜಾನಿ ಧ್ವನಿಯನ್ನೇ ಆರಿಸಿಕೊಳ್ಳಬೇಕು. ಆ ಭಾಷೆಯಲ್ಲಿ ‘ಸೆನ್’ ಅಂದರೆ ನೀನು, ‘ಸಿಜ್’ ಅಂದರೆ ನೀವು. ಮುತ್ತಿಡುವ ದೃಶ್ಯ ಅಪರೂಪವಾಗಿದ್ದ ಸಿನಿಮಾದಲ್ಲಿ ‘ಸಿಜ್’ ಹೋಗಿ ‘ಸೆನ್’ ಬರುವ ಆ ಒಂದು ಕ್ಷಣವೇ ಪ್ರಣಯ. ಇಂಗ್ಲಿಷ್ ಸಬ್‌ಟೈಟಲ್ ಎರಡನ್ನೂ ಒಂದೇ ಮಾಡಿ ನುಂಗಿಹಾಕುತ್ತದೆ. ಕನ್ನಡದ ಕಿವಿಗೆ ಅದು ತಟ್ಟನೆ ಹತ್ತುತ್ತದೆ. ‘ಕದಾನ್ ಆಲಿಮ್’ ಎಂಬ ಮಾತನ್ನೂ ಸಬ್‌ಟೈಟಲ್‌ಗಳು ಡಿಯರ್, ಡಾರ್ಲಿಂಗ್ ಎಂದು ಮುಗಿಸಿಬಿಡುತ್ತವೆ. ನಿಜವಾದ ಅರ್ಥ, ‘ನಿನ್ನ ಪೀಡೆಯೆಲ್ಲ ನನಗಿರಲಿ’. ತಾಯಿ ಮಗನಿಗೂ ಹೇಳುವ ಮಾತನ್ನೇ ಹೆಣ್ಣು ಗಂಡಿಗೆ ಹೇಳುವಾಗ ಧ್ವನಿಯಲ್ಲಿ ಏನು ಬದಲಾಗುತ್ತದೆಂದು ಕಿವಿಗೊಟ್ಟು ಕೇಳಬೇಕು.

ಇನ್ನೊಂದು, ಚಹಾ. ಹುಡುಗಿ ಕೇಳಲು ಬರುವ ಹಿರಿಯರಿಗೆ ‘ಎಲ್ಚಿ’ ಎನ್ನುತ್ತಾರೆ. ಸಣ್ಣ ನಡುವಿನ ‘ಅರ್ಮುದು’ ಲೋಟದಲ್ಲಿ ಚಹಾ ಬರುತ್ತದೆ. ಒಪ್ಪಿಗೆಯಿದ್ದರೆ ಸಿಹಿ ಚಹಾ, ಇಲ್ಲದಿದ್ದರೆ ಸಕ್ಕರೆ ಕಾಣಿಸುವುದಿಲ್ಲ. ಮದುವಣಗಿತ್ತಿಯ ಸೊಂಟಕ್ಕೆ ಕಟ್ಟುವ ಕೆಂಪು ಪಟ್ಟಿಯನ್ನೂ ಗಮನಿಸಬೇಕು. ಅವಳ ಕನ್ಯತ್ವವನ್ನು ಊರಿಗೆಲ್ಲ ಸಾರುವ ಗುರುತು ಅದು. ಗೊತ್ತಿಲ್ಲದವರಿಗೆ ಬರೀ ಅಲಂಕಾರ. ಇಂಥ ವಿವರಗಳನ್ನು ಅಲ್ಲಿನ ನಿರ್ದೇಶಕರು ವಿವರಿಸಲು ಹೋಗುವುದಿಲ್ಲ. ಅರ್ಧ ಕತೆ ಅಲ್ಲೇ ನಡೆದುಹೋಗಿರುತ್ತದೆ.

ಅರವತ್ತರ ದಶಕದ ಕೊನೆಗೆ ಬರೋಣ. 1969ರಲ್ಲಿ ಎಲ್ದಾರ್ ಕುಲಿಯೇವ್, ರುಸ್ತಮ್ ಇಬ್ರಾಹಿಂಬೇಕೋವ್ ಅವರ ಚಿತ್ರಕತೆಯಿಂದ ‘ಬಿರ್ ಜೆನುಬ್ ಶೆಹೆರಿಂದೆ’ ಮಾಡಿದರು. ‘ದಕ್ಷಿಣದ ಒಂದು ಊರಿನಲ್ಲಿ’ ಎಂದರ್ಥ. ಬಾಕುವಿನ ಹಳೆಯ ಮೊಹಲ್ಲಾ. ಗೆಳೆಯನೊಬ್ಬನ ತಂಗಿಗೆ ನಿಶ್ಚಯವಾಗಿದ್ದ ಹುಡುಗ ಊರು ಬಿಟ್ಟು ಹೋಗಿ, ಬೇರೆ ಮದುವೆ ಮಾಡಿಕೊಂಡು ಹಿಂತಿರುಗಿದ್ದಾನೆ. ತಂಗಿಗೆ ಅವನ ಮೇಲೆ ಸೇಡು ಬೇಕಿಲ್ಲ. ಅಣ್ಣನಿಗೂ ಒಳಗೊಳಗೆ ಬೇಕಿಲ್ಲ. ಆದರೆ ಬೀದಿಗೆ ಬೇಕು. ಮೂಲೆಯಲ್ಲಿ ಕೂತ ಗಂಡಸರು ಕಾಯುತ್ತಿದ್ದಾರೆ, ಚೂರಿ ಯಾವಾಗ ಹೊರಬರುತ್ತದೆಂದು. ಈ ಕಾಯುವಿಕೆಯ ಒತ್ತಡವೇ ಚಿತ್ರ. ಹಸನ್ ಮಮ್ಮದೋವ್ ಮಾಡಿದ ಮುರಾದ್ ಈ ಲೆಕ್ಕಾಚಾರದಿಂದ ಹೊರಬರಲು ಒದ್ದಾಡುವವನು. ಮರ್ಯಾದೆ ಎಂಬುದು ಮನುಷ್ಯನ ಎದೆಯೊಳಗಿನ ಗುಣವಾಗಿರದೆ ಬೀದಿಯಲ್ಲಿ ಕೂತವರು ಬರೆದಿಟ್ಟ ಸಾಲದ ಪಟ್ಟಿಯಾಗಿರುವುದನ್ನು ಇಷ್ಟು ನಿಖರವಾಗಿ ತೋರಿಸಿದ ಚಿತ್ರ ಅಲ್ಲಿ ಅದಕ್ಕೆ ಮುಂಚೆ ಬಂದಿರಲಿಲ್ಲ.

ಅದೇ ವರ್ಷದ ‘ದೆಲಿ ಕುರ್’ ಹತ್ತೊಂಬತ್ತನೆಯ ಶತಮಾನದ ಹಳ್ಳಿಯದು, ಇಸ್ಮಾಯಿಲ್ ಶಿಖ್ಲಿ ಅವರ ಕಾದಂಬರಿಯಿಂದ ಬಂದದ್ದು. ಜಹಂದರ್ ಆಗಾ ಇನ್ನೊಬ್ಬನ ಹೆಂಡತಿಯನ್ನು ಎತ್ತಿಕೊಂಡು ಬಂದು ಎರಡನೆಯ ಹೆಂಡತಿ ಮಾಡಿಕೊಳ್ಳುತ್ತಾನೆ. ತನ್ನ ಸ್ವಂತ ತಂಗಿ ಪರಗಂಡಸಿನ ಜೊತೆ ಸೇರಿದಾಗ ಮಾತ್ರ ಕೊಲ್ಲುತ್ತಾನೆ. ಮಾನ ಎಂಬ ಒಂದೇ ಪದಕ್ಕೆ ಎರಡು ತಕ್ಕಡಿ.

ಇವುಗಳ ಪಕ್ಕದಲ್ಲಿ 1971ರ ‘ಗುನ್ ಕೆಚ್ದಿ’, ‘ದಿನ ಕಳೆಯಿತು’, ಎಷ್ಟು ಮೆಲುದನಿಯದೆಂದರೆ ಮೊದಲ ನೋಟಕ್ಕೆ ಏನೂ ನಡೆಯಲಿಲ್ಲ ಅನ್ನಿಸುತ್ತದೆ. ಆರಿಫ್ ಬಾಬಾಯೇವ್ ನಿರ್ದೇಶನ, ಅನಾರ್ ಕತೆ. ಹಿಂದೆ ಒಬ್ಬರನ್ನೊಬ್ಬರು ಪ್ರೀತಿಸಿದ್ದ ಓಕ್ತಾಯ್ ಮತ್ತು ಅಸ್ಮರ್ ವರ್ಷಗಳ ನಂತರ ಬಾಕುವಿನಲ್ಲಿ ಸಿಗುತ್ತಾರೆ. ಅವಳಿಗೆ ಮದುವೆಯಾಗಿದೆ. ಒಂದು ದಿನ ಊರು ಸುತ್ತುತ್ತಾರೆ, ಹಳೇ ಪಟ್ಟಣದ ಓಣಿಗಳಲ್ಲಿ ನಡೆಯುತ್ತಾರೆ, ಬೀಳ್ಕೊಡುತ್ತಾರೆ. ಅಷ್ಟೇ. ವಿವಾಹಿತೆಯೊಬ್ಬಳು ಹಳೆಯ ಪ್ರಿಯಕರನ ಜೊತೆ ಬೆಳಗಿನಿಂದ ಸಂಜೆಯವರೆಗೆ ಬೀದಿಯಲ್ಲಿ ನಡೆಯುವುದೇ ಅಲ್ಲಿ ದೊಡ್ಡ ಮಾತು. ಚಿತ್ರ ಅದನ್ನು ತಪ್ಪೆನ್ನುವುದೂ ಇಲ್ಲ, ಸರಿಯೆಂದು ವಾದಿಸುವುದೂ ಇಲ್ಲ. ಲೇಲಾ ಶಿಖ್ಲಿನ್ಸ್ಕಾಯಾ ಮತ್ತು ಹಸನ್ ಮಮ್ಮದೋವ್ ನಡುವೆ ಉಳಿದುಹೋಗುವ ಮಾತುಗಳಿಗಾಗಿಯೇ ಇದನ್ನು ಎರಡು ಸಲ ನೋಡಬೇಕು. ಇದೇ ಜೋಡಿ 1965ರ ಹೊಸ ‘ಅರ್ಶಿನ್ ಮಾಲ್ ಅಲಾನ್’ನಲ್ಲಿ ಅಸ್ಗರ್ ಮತ್ತು ಗುಲ್‌ಚೊಹ್ರಾ ಆಗಿತ್ತೆಂದು ನೆನೆದರೆ, ಸಕ್ಕರೆ ಗಟ್ಟಿಯ ಮದುವೆಗೆ ಆರು ವರ್ಷದ ಬಳಿಕ ಬಂದ ಟಿಪ್ಪಣಿಯಂತೆ ಕಾಣುತ್ತದೆ.

ಅತ್ತೆ-ಸೊಸೆ ಹಾಸ್ಯಗಳೂ ಇವೆ. 1978ರ ‘ಕಾಯಿನಾನಾ’ದಲ್ಲಿ ನಸೀಬಾ ಜೇನಾಲೋವಾ ಅವರ ಅತ್ತೆಯನ್ನು ಕಂಡರೆ ನಮ್ಮ ಮನೆಯವರಿಗೂ ಯಾರೋ ನೆನಪಾಗುತ್ತಾರೆ. ಹೆಚ್ಚು ಹೇಳಬೇಕಾದ್ದಿಲ್ಲ.

ಹೇಳಬೇಕಾದದ್ದು ‘ತಹ್ಮಿನಾ’ ಬಗ್ಗೆ. ಅನಾರ್ ಅವರ ಕಾದಂಬರಿಯ ಹೆಸರು ‘ಐದು ಮಹಡಿಯ ಮನೆಯ ಆರನೆಯ ಮಹಡಿ’, ಅಂದರೆ ಇಲ್ಲದ ಜಾಗ. ರಾಸಿಮ್ ಓಜಾಗೋವ್ 1993ರಲ್ಲಿ ಸಿನಿಮಾ ಮಾಡಿದರು. ಪ್ರೊಫೆಸರ್ ಮಗ ಜಾವುರ್, ಅನುಕೂಲಸ್ಥ ಮನೆ, ಅಪ್ಪ ಅಮ್ಮ ನೋಡಿಟ್ಟಿರುವ ಹುಡುಗಿ ಫಿರಂಗಿಜ್. ಅವನು ಪ್ರೀತಿಸುವುದು ತಹ್ಮಿನಾಳನ್ನು. ಅವಳು ಗಂಡನನ್ನು ಬಿಟ್ಟವಳು, ಒಂಟಿಯಾಗಿರುವವಳು, ನಗುವವಳು, ಟಿವಿಯಲ್ಲಿ ಕಾಣಿಸಿಕೊಳ್ಳುವವಳು.

ಟಿವಿ ನಿರೂಪಕಿ ಎಂಬ ಆಯ್ಕೆಯಲ್ಲೇ ಅನಾರ್ ಅವರ ಚುರುಕುತನವಿದೆ. ಅಸ್ಗರ್‌ನ ಕಾಲದಲ್ಲಿ ಒಬ್ಬ ಗಂಡಸು ಒಬ್ಬ ಹುಡುಗಿಯ ಮುಖ ನೋಡಲು ವೇಷ ಹಾಕಬೇಕಿತ್ತು. ತಹ್ಮಿನಾಳ ಮುಖವನ್ನು ಇಡೀ ಊರು ಪ್ರತಿ ಮನೆಯಲ್ಲೂ ನೋಡುತ್ತದೆ. ಎಲ್ಲರೂ ನೋಡುವ ಹೆಣ್ಣನ್ನು ತನ್ನವಳೆನ್ನಲು ಜಾವುರ್‌ಗೆ ಎದೆ ಸಾಲದು. ಅವನು ಹೇಡಿಯೇನಲ್ಲ, ಮನೆ ಬಿಟ್ಟು ಬಂದು ಅವಳ ಜೊತೆ ಬಾಳುತ್ತಾನೆ. ಅಪ್ಪ ಅಮ್ಮನ ಕೂಗಾಟವನ್ನು ಎದುರಿಸುತ್ತಾನೆ. ಎದುರಿಸಲಾಗದ್ದು ಪಿಸುಮಾತನ್ನು. ಅವಳು ಮೊದಲು ಯಾರ ಜೊತೆ ಇದ್ದಳಂತೆ, ಈಗ ಯಾರ ಕಾರಿನಲ್ಲಿ ಬಂದಳಂತೆ. ಈ ‘ಅಂತೆ’ಗಳು ಹೊರಗಿನಿಂದ ಬಂದು ಅವನದೇ ಅನುಮಾನವಾಗಿ ಬೇರೂರುತ್ತವೆ. ಕೊನೆಗೆ ತಹ್ಮಿನಾಳನ್ನು ಪ್ರಶ್ನಿಸುವ ದನಿ ಅವನದ್ದು, ಮಾತು ಊರಿನದ್ದು. ಅಪ್ಪ ಅಮ್ಮನ ಮನೆಗೆ ಮರಳುತ್ತಾನೆ, ಫಿರಂಗಿಜ್‌ಳನ್ನು ಮದುವೆಯಾಗುತ್ತಾನೆ. ತಹ್ಮಿನಾ ಸಾಯುತ್ತಾಳೆ.

ತಹ್ಮಿನಾಳ ಸಾವಿನ ಬಗ್ಗೆ ಒಂದು ತಕರಾರು ಉಳಿದೇ ಇದೆ. ಕಟ್ಟು ಮೀರಿದ ಹೆಣ್ಣನ್ನು ಕೊನೆಗೆ ಕೊಲ್ಲುವುದು ಎಲ್ಲ ದೇಶದ ಕತೆಗಾರರ ಸುಲಭದ ದಾರಿ. ಆದರೆ ಇಲ್ಲಿ ಸಾವು ಶಿಕ್ಷೆಯಂತೆ ಕಾಣುವುದಿಲ್ಲ. ಶಿಕ್ಷೆ ಜಾವುರ್‌ದು, ಅವನು ಬದುಕಿರಬೇಕು. ಫಖ್ರದ್ದೀನ್ ಮನಾಫೋವ್ ಆ ಪಾತ್ರವನ್ನು ಮುಖದಲ್ಲಿ ಹೆಚ್ಚೇನೂ ತೋರಿಸದೆ ಮಾಡಿದ್ದಾರೆ. ತಹ್ಮಿನಾ ಆಗಿ ತುರ್ಕಿಯ ನಟಿ ಮೆರಾಲ್ ಕೊನ್ರಾತ್. ಯುದ್ಧ, ಅಧಿಕಾರ ಪಲ್ಲಟಗಳಲ್ಲಿ ದೇಶ ತತ್ತರಿಸುತ್ತಿದ್ದ ವರ್ಷದಲ್ಲಿ ಇಂಥ ಖಾಸಗಿ ದುಃಖದ ಚಿತ್ರವೊಂದು ಜನರ ಮನಸ್ಸಿನಲ್ಲಿ ನಿಂತಿತೆಂಬುದೇ ಅದರ ಶಕ್ತಿಗೆ ಒಂದು ಸಾಕ್ಷಿ. ಫಿರಂಗಿಜ್‌ಳ ಪಾಡೇನೆಂದು ಯಾರೂ ಕೇಳುವುದಿಲ್ಲ. ಸನಮ್‌ಳಂತೆ ಅವಳೂ ‘ಇದಾಗಲಿ’.

ಪರದೆಗೆ ಬಾರದೇ ಉಳಿದದ್ದೂ ಇದೆ. ಸಲಿಂಗ ಸಂಬಂಧ 2000ದಿಂದ ಅಲ್ಲಿ ಅಪರಾಧವಲ್ಲ, ಆದರೆ ಜನಪ್ರಿಯ ಚಿತ್ರಗಳಲ್ಲಿ ಅದರ ಸುಳಿವೂ ಕಾಣುವುದಿಲ್ಲ. ಅರ್ಮೇನಿಯನ್ ಮತ್ತು ಅಜರ್‌ಬೈಜಾನಿ ಜೋಡಿಯ ಪ್ರೇಮಕತೆ, ಆ ಎರಡು ಕಡೆಯವರ ನಡುವೆ ನಡೆದ ಕರಾಬಾಖ್ ಯುದ್ಧದ ನಂತರ ಇನ್ನೂ ದೂರ. ಅರ್ಮೇನಿಯನ್ನರ ನೋವಿನ ಬಗ್ಗೆ ಬರೆದದ್ದಕ್ಕೆ ಹಿರಿಯ ಲೇಖಕ ಅಕ್ರಮ್ ಐಲಿಸ್ಲಿ ಅವರ ಬಿರುದನ್ನು 2013ರಲ್ಲಿ ಕಿತ್ತುಕೊಂಡರು, ಪುಸ್ತಕಗಳನ್ನು ಸುಟ್ಟರು. ಅದನ್ನು ಕಂಡ ಮೇಲೆ ಚಿತ್ರಕತೆಗಾರರು ಆ ಕಡೆ ತಲೆಹಾಕದಿರುವುದು ಅರ್ಥವಾಗುವಂಥದೇ. ಭಾರತೀಯ ಮೂಲದ ಬ್ರಿಟಿಷ್ ನಿರ್ದೇಶಕ ಆಸಿಫ್ ಕಪಾಡಿಯಾ 2016ರಲ್ಲಿ ತೆಗೆದ ‘ಅಲಿ ಅಂಡ್ ನಿನೊ’ದಲ್ಲಿ ಧರ್ಮದ ಗೆರೆ ದಾಟುವ ಪ್ರೀತಿಯಿದೆ. ಹುಡುಗಿ ಜಾರ್ಜಿಯಾದವಳು. ಅವಳನ್ನು ಅಪಹರಿಸುವವನು ಅರ್ಮೇನಿಯನ್. ಯಾವ ಗೆರೆ ದಾಟಬಹುದು, ಯಾವುದು ಕೂಡದು ಎಂಬುದನ್ನು ಈ ಹಂಚಿಕೆಯೇ ಹೇಳುತ್ತದೆ.

ಹೊಸಬರಲ್ಲಿ ಆಸಿಫ್ ರುಸ್ತಮೋವ್ ಅವರ 2022ರ ‘ಮರ್ಮರ್ ಸೋಯುಗು’ ಗಟ್ಟಿ ಚಿತ್ರ. ಗೋರಿಕಲ್ಲು ಕೆತ್ತಿ ಬದುಕುವ ಕಲಾವಿದನೊಬ್ಬನಿಗೆ ವಿವಾಹಿತೆಯೊಬ್ಬಳ ಜೊತೆ ಸಂಬಂಧ. ಹೆಂಡತಿಯನ್ನು ಕೊಂದು ಜೈಲು ಸೇರಿದ್ದ ಅವನಪ್ಪ ಬಿಡುಗಡೆಯಾಗಿ ಮನೆಗೆ ಬರುತ್ತಾನೆ. ‘ದೆಲಿ ಕುರ್’ನ ಜಹಂದರ್ ಆಗಾ ಬಾಕುವಿನ ಫ್ಲಾಟಿನೊಳಗೆ ಬಂದು ಸೋಫಾ ಮೇಲೆ ಕೂತಂತೆ. ಹಿಲಾಲ್ ಬೈದಾರೋವ್ 2020ರಲ್ಲಿ ವೆನಿಸ್ ಸ್ಪರ್ಧೆಗೆ ಒಯ್ದ ಚಿತ್ರ, ಇಂಗ್ಲಿಷಿನಲ್ಲಿ ‘ಇನ್ ಬಿಟ್ವೀನ್ ಡೈಯಿಂಗ್’, ಬಾಕು ಬಿಟ್ಟು ಮಂಜಿನ ಬಯಲಿಗೆ ಹೋಗುತ್ತದೆ. ಬೈಕಿನಲ್ಲಿ ಓಡುವ ದಾವುದ್‌ಗೆ ದಾರಿಯಲ್ಲಿ ಸಿಗುವವರು ಅಪ್ಪ ಕೂಡಿಹಾಕಿದ ಹುಡುಗಿ, ಕುಡುಕ ಗಂಡನಿಂದ ಹೊಡೆಸಿಕೊಳ್ಳುವ ಹೆಂಗಸು, ಬಲವಂತದ ಮದುವೆಯಿಂದ ಓಡಿಬಂದ ವಧು. ಚಿತ್ರಿಕೆಗಳು ಅದ್ಭುತ, ಆದರೆ ಈ ಹೆಣ್ಣುಗಳೆಲ್ಲ ದಾವುದ್‌ನ ಆತ್ಮಶೋಧನೆಗೆ ಮೆಟ್ಟಿಲಾಗಿಬಿಡುತ್ತಾರೆ. ಕವಿತೆಗೂ ಸನಮ್‌ಳನ್ನು ಮರೆಯುವ ಚಾಳಿ ಬಿಟ್ಟಿಲ್ಲ.

ತಹ್ಮಿನಾ ರಫಾಯೆಲ್ಲಾ ತಾವೇ ಬರೆದು, ನಿರ್ದೇಶಿಸಿ, ನಟಿಸಿದ ‘ಬಾ‌ನು’ 2022ರದು. 2020ರ ಕರಾಬಾಖ್ ಯುದ್ಧದ ದಿನಗಳು. ಬಾನುವಿನ ಗಂಡ ಪ್ರಭಾವಿ, ಮಗನನ್ನು ತನ್ನ ಬಳಿಯೇ ಇಟ್ಟುಕೊಳ್ಳಲು ಕೋರ್ಟಿಗೆ ಹೋಗಿದ್ದಾನೆ. ಅವಳ ಪರವಾಗಿ ಸಾಕ್ಷಿ ಹೇಳುವವರು ಒಬ್ಬರಾದರೂ ಬೇಕು. ಉಳಿದಿರುವುದು ನಾಲ್ಕು ದಿನ. ಪರಿಚಯದವರ ಮನೆಬಾಗಿಲು ತಟ್ಟುತ್ತಾ ಹೋಗುತ್ತಾಳೆ, ಬಟ್ಟೆಯ ಗಂಟು ಹೊತ್ತವನ ಹಾಗೆ ಅಂಗಳದಿಂದ ಅಂಗಳಕ್ಕೆ. ಕೂತು ಮಾತಾಡಿಸುವವರಿದ್ದಾರೆ, ಮರುಗುವವರೂ ಇದ್ದಾರೆ. ಅವಳ ಸಂಸಾರ ಹೇಗಿತ್ತೆಂದು ವರ್ಷಗಟ್ಟಲೆ ಪಕ್ಕದಲ್ಲಿದ್ದು ನೋಡಿದವರೇ ಎಲ್ಲ. ನೋಡಿದ್ದೇನೆ ಎಂದು ಕೋರ್ಟಿನಲ್ಲಿ ಹೇಳಿ ಎಂದರೆ, ಒಬ್ಬೊಬ್ಬರಿಗೂ ಏನೋ ಒಂದು ಅಡಚಣೆ.